ಹಳೇ ಮಟ್ಟಿಗೆ ಹೊಸ ಸಾಹಿತ್ಯ: ತಪ್ಪೇನಿದೆ?

ಭಜನೆ ಮಂಡಳಿಯವರು ಸಿನಿಮಾ ಹಾಡಿನ ಧಾಟಿಯಲ್ಲಿ ದೇವರನಾಮ ಹಾಡಿದರೆ ಸಾಕು, ಸಂಗೀತ ಕಲಿತ ಕೆಲವರು ಮೂಗು ಮುರಿಯುತ್ತಾರೆ. ಸ್ವಂತ ಟ್ಯೂನ್ ಮಾಡೋಕೆ ಬರಲ್ವಾ ಅಂತ ಕೇಳುತ್ತಾರೆ. ನನಗಂತೂ ಈ ಮಾತು ಒಪ್ಪಿಗೆಯಿಲ್ಲ.

ಕರ್ನಾಟಕ ಸಂಗೀತದ ದೊಡ್ಡ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರೇ (1775–1835) ಈ ಕೆಲಸ ಮಾಡಿದ್ದಾರೆ. ಅವರ ಕುಟುಂಬ ಮದ್ರಾಸಿನ ಹತ್ತಿರ ಮಣಲಿಯಲ್ಲಿದ್ದಾಗ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡ್ ಕೇಳಿ, ಆ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದರು. ಅವೇ ನೊಟ್ಟುಸ್ವರಗಳು. ‘ಶ್ಯಾಮಲೇ ಮೀನಾಕ್ಷಿ’ ಕೇಳಿದ ಮಕ್ಕಳು ‘ಟ್ವಿಂಕಲ್ ಟ್ವಿಂಕಲ್’ ಅಂತ ಥಟ್ಟನೆ ಗುರುತು ಹಿಡಿಯುತ್ತಾರೆ. ‘ಸಂತತಂ ಪಾಹಿಮಾಂ’ ಇರುವುದು ಬ್ರಿಟನ್ನಿನ ರಾಷ್ಟ್ರಗೀತೆ ‘ಗಾಡ್ ಸೇವ್ ದ ಕಿಂಗ್’ ಮಟ್ಟಿನಲ್ಲಿ.

ಇದನ್ನು ಒಂದ್ಸಲ ತೊಡೆ ತಟ್ಟಿಕೊಂಡು ಹಾಡಿ. ಮೂರು ಮೂರು ಎಣಿಕೆಯ ನಡೆ. ಸಂ, ತ, ತಂ, ಒಂದಕ್ಕೆ ಒಂದೊಂದು. ಆಮೇಲೆ ‘ಪಾ’ ಮೇಲೆ ಸ್ವರ ಒಂದೂವರೆ ಎಣಿಕೆ ನಿಲ್ಲುತ್ತದೆ, ‘ಹಿ’ ಅರ್ಧಕ್ಕೇ ಮುಗಿಯುತ್ತದೆ, ‘ಮಾಂ’ಗೆ ಮತ್ತೆ ಒಂದು. ಮುಂದೆ ‘ಸಂಗೀತ ಶ್ಯಾಮಲೇ’ಯಲ್ಲೂ ಹಾಗೇ: ಸ್ವರ ನಿಲ್ಲುವ ಜಾಗಕ್ಕೆ ಸರಿಯಾಗಿ ‘ಶ್ಯಾ’, ಓಡುವ ಜಾಗಕ್ಕೆ ‘ಮ’. ಎಲ್ಲೂ ಎಳೆದಿಲ್ಲ, ಎಲ್ಲೂ ತುರುಕಿಲ್ಲ. ಎಂಥ ಕಿವಿ ಆ ಮಹಾನುಭಾವರದು!

ನನ್ನ ತಕರಾರು ಇರುವುದು ಇಲ್ಲೇ. ಎಷ್ಟೋ ಭಜನೆಗಳಲ್ಲಿ ಧಾಟಿ ಚೆನ್ನಾಗಿರುತ್ತದೆ, ಭಕ್ತಿಯೂ ನಿಜವೇ, ಆದರೆ ‘ತನು ಮನ’ ಅನ್ನುವುದು ‘ತಾನೂ ಮಾನಾ’ ಆಗಿರುತ್ತದೆ, ‘ಹರನೇ’ ಹೋಗಿ ‘ಹಾರನೇ’ ಆಗಿರುತ್ತದೆ. ಕನ್ನಡದಲ್ಲಿ ಗಿಡ್ಡಕ್ಷರ ಎಳೆದರೆ ಅರ್ಥವೇ ಬದಲಾಗುತ್ತದೆ, ಅಲ್ವಾ? ಬರೆಯುವವರು ಸಾಲನ್ನು ಮೊದಲು ಸುಮ್ನೆ ಮಾತಾಡುವ ಹಾಗೆ ಹೇಳಿನೋಡಬೇಕು. ಆಮೇಲೆ ಧಾಟಿಗೆ ಹಚ್ಚಬೇಕು. ಕೂರದಿದ್ದರೆ ಬೇರೆ ಪದ ಹುಡುಕಬೇಕು. ಕನ್ನಡದಲ್ಲಿ ಪದಗಳಿಗೆ ಬರವೇ?

ಸಿನಿಮಾ ಹಾಡು ನೆನಪಾಗಿ ಮನಸ್ಸು ಅತ್ತ ಹೋಗುತ್ತದೆ ಅನ್ನುವವರಿದ್ದಾರೆ. ಅದು ನಿಜ. ಕುಣಿತದ ಹಾಡಿನ ಧಾಟಿ ಮಂಗಳಾರತಿಗೆ ಬೇಡ ಅಂತ ನಾನೂ ಹೇಳುತ್ತೇನೆ. ಆದರೆ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ವನ್ನು ಕಛೇರಿಯಲ್ಲಿ ಮಧ್ಯಮಾವತಿ ರಾಗದಲ್ಲಿ ಕೇಳಿ ತಲೆದೂಗುತ್ತೇವೆ, ಭೀಮಸೇನ ಜೋಶಿಯವರು ಬೇರೆಯೇ ರೀತಿ ಹಾಡಿದ್ದಕ್ಕೂ ತಲೆದೂಗುತ್ತೇವೆ. ಒಂದೇ ಸಾಹಿತ್ಯಕ್ಕೆ ಎರಡು ಧಾಟಿ ಇರಬಹುದಾದರೆ ಒಂದೇ ಧಾಟಿಗೆ ಎರಡು ಸಾಹಿತ್ಯ ಯಾಕಿರಬಾರದು?

ಮಂಡಳಿಯವರಲ್ಲಿ ಒಂದು ಕೋರಿಕೆ. ಭಜನೆ ಪುಸ್ತಕ ಅಚ್ಚು ಹಾಕಿಸುವಾಗ ಪ್ರತಿ ಹಾಡಿನ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಅಂತ ಬರೆದುಬಿಡಿ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ, ಧಾಟಿ ಕಟ್ಟಿದವರ ಹೆಸರೂ ಉಳಿಯುತ್ತದೆ.