ಮೊಬೈಲ್‌ಗೆ ಕನೆಕ್ಟ್ ಆಗುತ್ತದಂತೆ, ಹೇಗೆ ಅಂತ ಮಾತ್ರ ಹೇಳಲ್ಲ!

ನಾನು ಕೇಳಿದ್ದು ಗ್ರ್ಯಾಂಡ್ ಪಿಯಾನೋ ಅಲ್ಲ. ಬ್ಯಾಗಿನಲ್ಲಿ ಹಿಡಿಸುವ, ಕಡಿಮೆ ದುಡ್ಡಿನ ಒಂದು ಮ್ಯೂಸಿಕ್ ಕೀಬೋರ್ಡ್. ಮೊಬೈಲ್‌ಗೆ ಸಿಕ್ಕಿಸಿದರೆ ಆ್ಯಪ್‌ನಲ್ಲಿರುವ ಪಿಯಾನೋ ನುಡಿಯಬೇಕು. ಹೆಡ್‌ಫೋನ್ ಹಾಕಿಕೊಂಡು ಯಾರಿಗೂ ತೊಂದರೆ ಕೊಡದೆ ಅಭ್ಯಾಸ ಮಾಡಬೇಕು. ನುಡಿಸಿದ್ದು ಅಲ್ಲೇ ರೆಕಾರ್ಡ್ ಆಗಬೇಕು. ಅಷ್ಟೇ. ಇದು ಇನ್ನೂ ಕಂಡುಹಿಡಿಯದ ತಂತ್ರಜ್ಞಾನವೇನಲ್ಲ, ದುಬಾರಿಯೂ ಅಲ್ಲ. ಆದರೆ ಯಾವ ಕೀಬೋರ್ಡ್ ಈ ಕೆಲಸ ಮಾಡುತ್ತದೆ, ಯಾವುದು ಮಾಡಲ್ಲ ಅಂತ ಮಾರುವವರ ಬಾಯಿಂದ ಹೊರಡಿಸುವಷ್ಟರಲ್ಲಿ ನನ್ನ ತಲೆ ಕೆಟ್ಟು ಹೋಯಿತು.

ಎಲ್ಲ ಡಬ್ಬದ ಮೇಲೂ ಒಂದೇ ಮಾತು. "ಮೊಬೈಲ್‌ಗೆ ಕನೆಕ್ಟ್ ಆಗುತ್ತದೆ." ಸರಿ ಸ್ವಾಮಿ, ಯಾವ ದಾರಿಯಲ್ಲಿ ಆಗುತ್ತದೆ? ಏನು ಹೋಗುತ್ತದೆ, ಏನು ಬರುತ್ತದೆ? ಅದನ್ನು ಕೇಳಿದರೆ ಎಲ್ಲರಿಗೂ ಇದ್ದಕ್ಕಿದ್ದಂತೆ ಕಿವಿ ಕೇಳಿಸುವುದಿಲ್ಲ.

ಒಂದರಲ್ಲಿ ಈ ಕನೆಕ್ಷನ್ ಏನಾಗಿತ್ತು ಗೊತ್ತಾ? ಕೀಬೋರ್ಡ್‌ನ ಮೇಲ್ಭಾಗದಲ್ಲಿ ಮೊಬೈಲ್ ನಿಲ್ಲಿಸುವುದಕ್ಕೆ ಒಂದು ಉದ್ದನೆಯ ಸಂದು! ಬರೀ ಪ್ಲಾಸ್ಟಿಕ್ ಸಂದು. ಅದರಲ್ಲಿ ಫೋನ್ ನಿಲ್ಲಿಸಿಕೊಂಡು ವಿಡಿಯೊ ನೋಡುತ್ತಾ ಕಲಿಯಬಹುದಂತೆ. ಹಾಗೆ ನೋಡಿದರೆ ನಮ್ಮ ಮನೆ ಗೋಡೆಯೂ ಮೊಬೈಲ್‌ಗೆ ಹೊಂದುತ್ತದೆ, ಒರಗಿಸಿ ಇಡಬಹುದಲ್ಲ.

ಇನ್ನೊಂದರಲ್ಲಿ ಬ್ಲೂಟೂತ್ ಇತ್ತು. ಖುಷಿಯಾಯಿತು. ಆಮೇಲೆ ನೋಡಿದರೆ ಅದು ಬ್ಲೂಟೂತ್ ಆಡಿಯೊ ಮಾತ್ರ. ಅಂದರೆ ಫೋನಿನಲ್ಲಿರುವ ಹಾಡು ಕೀಬೋರ್ಡಿನ ಸ್ಪೀಕರಿನಲ್ಲಿ ಕೇಳಿಸುತ್ತದೆ. ನಾನು ನುಡಿಸಿದ್ದು ಫೋನಿಗೆ ಹೋಗುವುದಿಲ್ಲ. ಆಕ್ಸ್ ಪೋರ್ಟ್ ಇರುವವುಗಳ ಕಥೆಯೂ ಇದೇ, ಬ್ಲೂಟೂತ್ ಬದಲು ವೈರ್. ಮತ್ತೊಂದರಲ್ಲಿ ಯುಎಸ್‌ಬಿ ಪೋರ್ಟ್ ಇತ್ತು, ಆದರೆ ಅದು ಕರೆಂಟ್ ಕೊಡುವುದಕ್ಕೆ ಮಾತ್ರ. ಪವರ್ ಬ್ಯಾಂಕಿನಿಂದ ಓಡುತ್ತದೆ ಅಂತ ಹೆಮ್ಮೆಯಿಂದ ಬರೆದಿದ್ದಾರೆ. ಒಳ್ಳೆಯದೇ. ಆದರೆ ಅದೇ ಪೋರ್ಟಿನ ಚಿತ್ರ ಹಾಕಿ, ಪಕ್ಕದಲ್ಲಿ ಫೋನಿನ ಚಿತ್ರ ಹಾಕಿ, ನಡುವೆ ಒಂದು ಬಾಣ ಎಳೆದಿದ್ದೀರಲ್ಲ, ಆ ಬಾಣದಲ್ಲಿ ಏನು ಹರಿಯುತ್ತದೆ?

ಬೇಕಾಗಿರುವುದು ಮಿಡಿ. ಇದರಲ್ಲಿ ಶಬ್ದ ಹೋಗುವುದಿಲ್ಲ, ಬರೀ ಸುದ್ದಿ ಹೋಗುತ್ತದೆ. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು ಅನ್ನುವ ಸುದ್ದಿ. ಶಬ್ದ ಮಾಡುವುದು ಫೋನಿನಲ್ಲಿರುವ ಆ್ಯಪ್. ಇದೇನು ಹೊಸದೇ? 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಅನ್ನುವ ಸಂಗೀತ ವಾದ್ಯಗಳ ಪ್ರದರ್ಶನದಲ್ಲಿ ಪ್ರಾಫೆಟ್ 600 ಮತ್ತು ಜುಪಿಟರ್ 6 ಅನ್ನುವ ಎರಡು ಸಿಂಥಸೈಜರ್‌ಗಳನ್ನು ಒಂದು ಕೇಬಲ್‌ನಿಂದ ಸೇರಿಸಿ ತೋರಿಸಿದರು. ಎರಡೂ ಬೇರೆ ಬೇರೆ ಕಂಪನಿಯವು, ಒಂದಕ್ಕೊಂದು ಪೈಪೋಟಿ ಇದ್ದವು. ಆದರೂ ಒಂದನ್ನು ನುಡಿಸಿದರೆ ಇನ್ನೊಂದು ನುಡಿಯಿತು. ಯುಎಸ್‌ಬಿ ಮೂಲಕ ಮಿಡಿ ಕಳಿಸುವ ನಿಯಮ 1999ರಲ್ಲೇ ಬಂತು. ಆ ನಿಯಮ ಪಾಲಿಸಿದ ಕೀಬೋರ್ಡ್‌ಗೆ ಡ್ರೈವರ್ ಅನ್ನುವ ಬೇರೆ ಸಾಫ್ಟ್‌ವೇರ್ ಕೂಡ ಬೇಡ. ಐಪ್ಯಾಡ್‌ನಲ್ಲಿ ಇದು 2010ರಿಂದ ಇದೆ, ಐಫೋನ್‌ನಲ್ಲೂ ಇದೆ. ಆಂಡ್ರಾಯ್ಡ್‌ನಲ್ಲಿ 2015ರ 6.0 ಆವೃತ್ತಿಯಿಂದ ಇದೆ. ಎಲ್ಲ ಸಿದ್ಧವಾಗಿದೆ! ಡಬ್ಬದ ಮೇಲೆ "ಯುಎಸ್‌ಬಿ ಮಿಡಿ ಇದೆ" ಅಥವಾ "ಇಲ್ಲ" ಅಂತ ಒಂದು ಸಾಲು ಬರೆಯುವುದಕ್ಕೆ ಮಾತ್ರ ಇವರಿಗೆ ಕೈ ನಡುಗುತ್ತದೆ.

ಬರೆಯುವುದೇನು ಗೊತ್ತಾ? ನೂರಾರು ಟೋನ್, ನೂರಾರು ರಿದಮ್, ಇಷ್ಟು ಡೆಮೊ ಹಾಡು. ನನಗೆ ಆ್ಯಪ್‌ನ ಶಬ್ದ ಸಾಕು ಅಂತ ಕೊಳ್ಳಲು ಬಂದವರಿಗೆ ಈ ನಾಯಿ ಬೊಗಳುವ ಟೋನ್, ಹೆಲಿಕಾಪ್ಟರ್ ಟೋನ್ ಯಾತಕ್ಕೆ? "61 ಕೀ" ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಆ 61 ಕೀಗಳಿಗೆ ಟಚ್ ರೆಸ್ಪಾನ್ಸ್ ಇದೆಯಾ? ಸದ್ದಿಲ್ಲ. ಕೀ ಒತ್ತಿದ ಜೋರನ್ನು ಮಿಡಿ 1ರಿಂದ 127ರವರೆಗೆ ಅಳೆದು ಕಳಿಸುತ್ತದೆ. ಕೀಬೋರ್ಡ್‌ಗೆ ಜೋರು ಗೊತ್ತಾಗದಿದ್ದರೆ, ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಹೋಗುವ ಸಂಖ್ಯೆ ಒಂದೇ. ಆಗ ಆ್ಯಪ್‌ನಲ್ಲಿ ಎಂಥಾ ಒಳ್ಳೆಯ ಪಿಯಾನೋ ಇದ್ದರೂ ಮೊಬೈಲ್ ರಿಂಗ್‌ಟೋನ್ ಥರ ಚಪ್ಪಟೆಯಾಗಿ ಕೇಳಿಸುತ್ತದೆ. ಕೀಗಳ ಅಗಲವನ್ನೂ ಹೇಳುವುದಿಲ್ಲ. ಪಿಯಾನೋದಲ್ಲಿ ಒಂದು ಆಕ್ಟೇವ್, ಅಂದರೆ ಒಂದು ಸ ಇಂದ ಮೇಲಿನ ಸ ವರೆಗಿನ ದೂರ, ಸುಮಾರು 16.5 ಸೆಂಟಿಮೀಟರ್ ಇರುತ್ತದೆ. ಮಿನಿ ಕೀಗಳಲ್ಲಿ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಅಂತ ತಿಳಿಯಬೇಕಾದರೆ ಫೋಟೊ ಮೇಲೆ ಸ್ಕೇಲ್ ಇಟ್ಟು ಲೆಕ್ಕ ಹಾಕಬೇಕು, ಯಾಕೆಂದರೆ ಫೋಟೊದಲ್ಲಿ ಯಾರ ಕೈಯೂ ಇರುವುದಿಲ್ಲ.

ಹಾಗಾದರೆ ಮಿಡಿ ಕಂಟ್ರೋಲರ್ ತಗೊಳ್ಳಿ ಅನ್ನುತ್ತಾರೆ. 25 ಕೀ, ಹಗುರ, ಸ್ಪೀಕರ್ ಇಲ್ಲ, ಒಳಗೆ ಶಬ್ದವೇ ಇಲ್ಲ, ಫೋನ್ ಇದ್ದರೆ ಮಾತ್ರ ನುಡಿಯುತ್ತದೆ. ನಿಜ, ಒಳ್ಳೆಯ ವಸ್ತು. ಆದರೆ 25 ಕೀ ಅಂದರೆ ಎರಡು ಆಕ್ಟೇವ್, ಎರಡು ಕೈ ಹಾಕಿದರೆ ಒಂದು ಕೈಗೆ ಜಾಗ ಇಲ್ಲ. ಇನ್ನು ರಿವ್ಯೂ ಓದಿ ತಿಳಿಯೋಣ ಅಂದರೆ, "ಸೌಂಡೇ ಬರಲ್ಲ, ಹಾಳು ಪ್ರಾಡಕ್ಟ್" ಅಂತ ಒಂದು ಸ್ಟಾರ್. ಅಯ್ಯಾ, ಅದಕ್ಕೆ ಸೌಂಡ್ ಇಲ್ಲ ಅಂತ ನಿಮಗೆ ಯಾರೂ ಹೇಳಲೇ ಇಲ್ಲವಾ? ಪಾಪ, ಹೇಳಿರಲಿಕ್ಕಿಲ್ಲ. ಅದರ ಕೆಳಗೆ ಐದು ಸ್ಟಾರ್: "ಪ್ಯಾಕಿಂಗ್ ಚೆನ್ನಾಗಿದೆ, ಇನ್ನೂ ತೆಗೆದು ನೋಡಿಲ್ಲ."

ಕೊನೆಗೆ ಸಣ್ಣದೊಂದು ಸಿಕ್ಕಿತು. ಸಿ ಟೈಪ್ ಪೋರ್ಟ್ ಇದೆ, ಮಿಡಿ ಇದೆ, ಟಚ್ ಇದೆ ಅಂತ ಬರೆದಿತ್ತು. ಆದರೂ ಬಿಡದೆ ಮೆಸೇಜ್ ಮಾಡಿ ಕೇಳಿದೆ. ಸಿ ಟೈಪ್ ಫೋನಿಗೆ ನೇರವಾಗಿ ಹಾಕಬಹುದಾ? "ಯೆಸ್ ಸರ್, ಆಲ್ ಮೊಬೈಲ್." ತರಿಸಿದೆ. ಎರಡೂ ಕಡೆ ಸಿ ಟೈಪ್ ಇರುವ ಕೇಬಲ್ ಹಾಕಿದೆ. ಲೈಟೇ ಹತ್ತಲಿಲ್ಲ. ಬೇರೆ ಕೇಬಲ್, ಬೇರೆ ಫೋನ್, ತಿರುಗಿಸಿ ಹಾಕಿದ್ದೂ ಆಯಿತು. ಸತ್ತೇ ಹೋಗಿದೆ.

ಕಸ್ಟಮರ್ ಕೇರ್‌ನವರ ಪ್ರಕಾರ ತಪ್ಪು ನನ್ನ ಫೋನಿನದು. ರೀಸ್ಟಾರ್ಟ್ ಮಾಡಿ. ಅಪ್‌ಡೇಟ್ ಮಾಡಿ. ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ! ನಿಮ್ಮ ಕೀಬೋರ್ಡಿಗೆ ಲೈಟ್ ಹತ್ತುವುದಕ್ಕೆ ನನ್ನ ಫೋಟೊ, ನಂಬರ್ ಎಲ್ಲ ಅಳಿಸಬೇಕಾ? ಅದರಲ್ಲಿ ಒಬ್ಬರು ಬ್ಲೂಟೂತ್ ಆನ್ ಮಾಡಿ ಅಂದರು. ಈ ಕೀಬೋರ್ಡ್‌ನಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ ಸ್ವಾಮಿ.

ನಿಜವಾದ ಕಾರಣ ಏನು ಅಂತ ನಾನೇ ಹುಡುಕಿದೆ. ಸಿ ಟೈಪ್ ಪೋರ್ಟಿನಲ್ಲಿ ಸಿಸಿ ಅನ್ನುವ ಎರಡು ಪಿನ್ ಇರುತ್ತವೆ. ಕೀಬೋರ್ಡಿನ ಕಡೆ ಆ ಎರಡಕ್ಕೂ 5.1 ಕಿಲೋ ಓಮ್ ರೆಸಿಸ್ಟರ್ ಅನ್ನುವ ಚಿಕ್ಕ ಬಿಡಿಭಾಗ ಒಂದೊಂದು ಹಾಕಬೇಕು. ಅದು ಕಂಡರೆ ಮಾತ್ರ ಫೋನ್, "ಓ, ಆ ಕಡೆ ಕರೆಂಟ್ ಬೇಕಾದವರು ಇದ್ದಾರೆ" ಅಂತ ಐದು ವೋಲ್ಟ್ ಬಿಡುತ್ತದೆ. ಕಾಣದಿದ್ದರೆ ಬಿಡುವುದಿಲ್ಲ. ನನ್ನ ಪುಣ್ಯಾತ್ಮರು ಆ ರೆಸಿಸ್ಟರ್ ಹಾಕದೆ ದುಡ್ಡು ಉಳಿಸಿದ್ದಾರೆ! ಇಡೀ ಕೀಬೋರ್ಡಿನಲ್ಲಿ ಅದಕ್ಕಿಂತ ಅಗ್ಗದ ವಸ್ತು ಸಿಗುವುದು ಕಷ್ಟ. ಅದನ್ನು ಉಳಿಸಿ ಏನು ಅರಮನೆ ಕಟ್ಟಿದಿರಿ? ಫೋನಿಗೆ ಪೆನ್‌ಡ್ರೈವ್ ಥರದ್ದು ಸಿಕ್ಕಿಸಲು ಬಳಸುವ ಓಟಿಜಿ ಅಡಾಪ್ಟರ್ ಹಾಕಿ, ಅದಕ್ಕೆ ಹಳೆಯ ಅಗಲ ಪಿನ್ನಿನ ಕೇಬಲ್ ಹಾಕಿದರೆ ಅದೇ ಕೀಬೋರ್ಡ್ ಅದೇ ಫೋನಿನಲ್ಲಿ ಥಟ್ಟನೆ ಎದ್ದು ಕೂರುತ್ತದೆ. ಯಾಕೆಂದರೆ ಆ ಅಡಾಪ್ಟರ್ ಒಳಗೆ ಬೇಕಾದ ರೆಸಿಸ್ಟರ್ ಇದೆ. ಅಂದರೆ ಫೋನ್ ಸರಿಯಾಗಿಯೇ ಇತ್ತು. ಇದನ್ನು ಕಸ್ಟಮರ್ ಕೇರ್‌ಗೆ ಬರೆದು ಕಳಿಸಿದೆ. ಉತ್ತರ ಬಂತು: "ನಿಮ್ಮ ಸಮಸ್ಯೆ ಬಗೆಹರಿದಿದ್ದಕ್ಕೆ ಸಂತೋಷ."

ಬಗೆಹರಿದಿಲ್ಲ. ಮುಂದಿನದು ಕೇಳಿ. ನನ್ನ ಫೋನಿಗೆ ಇರುವುದು ಒಂದೇ ತೂತು. ಅದರಲ್ಲಿ ಕೀಬೋರ್ಡ್ ಕೂತಿದೆ. ಹೆಡ್‌ಫೋನ್ ಎಲ್ಲಿ ಹಾಕಲಿ? ಚಾರ್ಜರ್ ಎಲ್ಲಿ ಹಾಕಲಿ? ಕೀಬೋರ್ಡಿಗೂ ಫೋನೇ ಕರೆಂಟ್ ಕೊಡಬೇಕು, ಹಾಗಾಗಿ ಚಾರ್ಜ್ ಕಣ್ಣೆದುರೇ ಇಳಿಯುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿ ಅನ್ನುವ ಜಾಣರಿಗೆ ಒಂದು ಮಾತು. ಅದರಲ್ಲಿ ಶಬ್ದ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗಿಂತ ಜಾಸ್ತಿ ತಡವಾಗಿ ಬರುತ್ತದೆ. ಸಿನಿಮಾ ನೋಡುವಾಗ ಗೊತ್ತಾಗುವುದಿಲ್ಲ, ಆ್ಯಪ್ ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸುತ್ತದೆ. ನನ್ನ ಬೆರಳನ್ನು ಯಾರು ತಡ ಮಾಡುತ್ತಾರೆ? ಆಂಡ್ರಾಯ್ಡ್‌ನವರು ಪ್ರೊ ಆಡಿಯೊ ಅನ್ನಿಸಿಕೊಳ್ಳಲು ಇಟ್ಟಿರುವ ಮಿತಿ, ಶಬ್ದ ಒಳಗೆ ಹೋಗಿ ಹೊರಗೆ ಬರುವುದಕ್ಕೆ 20-25 ಮಿಲಿಸೆಕೆಂಡ್. ಅಲ್ಲಿಗೂ ಇಲ್ಲಿಗೂ ಹೋಲಿಕೆ ಇದೆಯಾ? ಸ್ವಲ್ಪ ಬೇಗ ನುಡಿಸಿದರೆ ಕಿವಿಗೆ ಬೀಳುವುದು ಹಿಂದಿನ ಸ್ವರ, ಬೆರಳು ಇರುವುದು ಮುಂದಿನ ಕೀ ಮೇಲೆ. ತಾಳ ತಪ್ಪುವುದಲ್ಲ, ತಾಳ ಅನ್ನುವುದೇ ಇರುವುದಿಲ್ಲ.

ಹಬ್ ತಗೊಳ್ಳಿ ಅಂದರು. ಒಂದು ಕಡೆ ಚಾರ್ಜರ್, ಒಂದು ಕಡೆ ಕೀಬೋರ್ಡ್, ಇನ್ನೊಂದು ಕಡೆ ಹೆಡ್‌ಫೋನ್ ಅಡಾಪ್ಟರ್. ಅದೂ ಎಲ್ಲ ಹಬ್ ನಡೆಯುವುದಿಲ್ಲ. ಕೆಲವು ಚಾರ್ಜ್ ಮಾಡುತ್ತವೆ, ಕೀಬೋರ್ಡ್ ಗುರುತಿಸುವುದಿಲ್ಲ. ಹಬ್‌ನವರ ಡಬ್ಬದ ಮೇಲೂ ಅದೇ ಸಾಲು, ಎಲ್ಲ ಮೊಬೈಲ್‌ಗೂ ಆಗುತ್ತದೆ ಅಂತ. ಹಳೆಯ ಲೈಟ್ನಿಂಗ್ ಪೋರ್ಟಿನ ಐಫೋನ್ ಇರುವವರ ಪಾಡು ಇದಕ್ಕಿಂತ ಬೇರೆಯಲ್ಲ. ಅದಕ್ಕೆ ಯುಎಸ್‌ಬಿ ವೈರ್ ಸಿಕ್ಕಿಸಲು ಕ್ಯಾಮೆರಾ ಅಡಾಪ್ಟರ್ ಅನ್ನುವುದು ಬೇಕು. ಕೀಬೋರ್ಡ್ ಸ್ವಲ್ಪ ಜಾಸ್ತಿ ಕರೆಂಟ್ ಕೇಳಿದರೆ ಇದನ್ನು ಬಳಸಲಾಗದು ಅಂತ ಫೋನ್ ಮುಖ ತಿರುಗಿಸುತ್ತದೆ. ಕೀಬೋರ್ಡ್ ಎಷ್ಟು ಮಿಲಿಆಂಪ್ ಎಳೆಯುತ್ತದೆ ಅಂತ ಬರೆದಿದ್ದಾರಾ? ಅದನ್ನೂ ಬರೆದಿಲ್ಲ. ಬ್ಯಾಗಿಗೆ ಹಿಡಿಸುತ್ತದೆ ಅಂತ ತಗೊಂಡ ಕೀಬೋರ್ಡಿನ ಜೊತೆಗೆ ಈಗ ವೈರುಗಳಿಗೇ ಇನ್ನೊಂದು ಬ್ಯಾಗ್ ಬೇಕು. ಈ ಸಾಮಾನಿಗೆಲ್ಲ ಕೊಟ್ಟ ದುಡ್ಡು ಕೂಡಿಸಿದರೆ, ಮೊದಲು ದುಬಾರಿ ಅಂತ ಬಿಟ್ಟ ಕೀಬೋರ್ಡೇ ಬರುತ್ತಿತ್ತು. ಅದಕ್ಕೆ ಒಳಗೇ ಸ್ಪೀಕರ್, ಒಳಗೇ ಹೆಡ್‌ಫೋನ್ ಜಾಕ್.

ಯಾರಾದರೂ ಕೊಳ್ಳುವವರಿದ್ದರೆ ಮಾರುವವರನ್ನು ಕೇಳಬೇಡಿ. ಸುಮ್ನೆ ಟೈಮ್ ವೇಸ್ಟ್. ಕಂಪನಿಯ ಸೈಟಿನಿಂದ ಮ್ಯಾನುವಲ್ ಇಳಿಸಿಕೊಂಡು ಕೊನೆಯ ಪುಟಗಳನ್ನು ನೋಡಿ. ಸರಿಯಾದ ವಾದ್ಯವಾದರೆ ಅಲ್ಲಿ ಮಿಡಿ ಇಂಪ್ಲಿಮೆಂಟೇಶನ್ ಚಾರ್ಟ್ ಅಂತ ಒಂದು ಕೋಷ್ಟಕ ಸಾಮಾನ್ಯವಾಗಿ ಇರುತ್ತದೆ. ಯಾವ ಸುದ್ದಿ ಕಳಿಸುತ್ತದೆ, ಯಾವುದು ಕಳಿಸುವುದಿಲ್ಲ ಎಲ್ಲ ಅದರಲ್ಲಿದೆ. ಹಿಂಭಾಗದ ಫೋಟೊದಲ್ಲಿ ಯುಎಸ್‌ಬಿ ಪೋರ್ಟಿನ ಪಕ್ಕ "ಟು ಹೋಸ್ಟ್" ಅಂತ ಇದ್ದರೆ ಕಂಪ್ಯೂಟರ್, ಮೊಬೈಲ್‌ಗಳಿಗೆ ಹಾಕುವುದು ಅದಕ್ಕೇ. "ಟು ಡಿವೈಸ್" ಅಂತ ಇದ್ದರೆ ಅದು ಪೆನ್‌ಡ್ರೈವ್ ಥರದ್ದಕ್ಕೆ. ಮ್ಯಾನುವಲ್ಲೇ ಸಿಗದಿದ್ದರೆ ಆ ಕಡೆ ತಲೆಯೇ ಹಾಕಬೇಡಿ.

ನನ್ನದನ್ನು ವಾಪಸ್ ಕೊಡೋಣ ಅಂತ ಹೊರಟೆ. ಕಾರಣ ಆರಿಸಿ ಅಂತ ಪಟ್ಟಿ ಬಂತು. ಬಣ್ಣ ಬೇರೆ ಬಂದಿದೆ. ಸೈಜ್ ಸರಿ ಇಲ್ಲ. ಒಡೆದು ಬಂದಿದೆ. ಮನಸ್ಸು ಬದಲಾಯಿತು. ಇವು ಯಾವುದೂ ಅಲ್ಲ ಸ್ವಾಮಿ. ಬಣ್ಣ ಅದೇ, ಸೈಜ್ ಅದೇ, ಒಡೆದಿಲ್ಲ, ನನ್ನ ಮನಸ್ಸೂ ಬದಲಾಗಿಲ್ಲ. ನೀವು ಆಗುತ್ತದೆ ಅಂದಿದ್ದು ಆಗಲಿಲ್ಲ ಅನ್ನುವ ಕಾರಣವೇ ಆ ಪಟ್ಟಿಯಲ್ಲಿ ಇಲ್ಲ. ಕೊನೆಗೆ "ಇತರೆ" ಒತ್ತಿದೆ. ಬರೆಯುವುದಕ್ಕೆ ಒಂದು ಸಾಲಿನಷ್ಟು ಜಾಗ ಕೊಟ್ಟಿದ್ದಾರೆ. ಅಲ್ಲಿ ಹಿಡಿಸಲಿಲ್ಲ, ಅದಕ್ಕೇ ಇಲ್ಲಿ ಬರೆದೆ.