ಫೈನಲ್ ಇಯರ್ ಪ್ರಾಜೆಕ್ಟಿಗೆ ತುಳು ಯಾಕಾಗಬಾರದು?

ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲಿ ಸಿನಾಪ್ಸಿಸ್ ಕೊಡುವ ದಿನ ಹತ್ತಿರ ಬಂತೆಂದರೆ ಹಳೇ ಪಟ್ಟಿಯೇ ಮತ್ತೆ ಹೊರಗೆ ಬರುತ್ತದೆ. ಮುಖ ನೋಡಿ ಹಾಜರಿ ಹಾಕುವ ಆ್ಯಪ್, ಹೃದ್ರೋಗ ಊಹಿಸುವ ಮಾಡೆಲ್, ಇಲ್ಲದಿದ್ದರೆ ಒಂದು ಚಾಟ್‌ಬಾಟ್. ಡೇಟಾ ಕ್ಯಾಗಲ್‌ನದ್ದು, ಕೋಡ್ ಗಿಟ್‌ಹಬ್‌ನಲ್ಲಿ ಸಿಕ್ಕಿದ್ದು. ವೈವಾ ಮುಗಿದ ಮೇಲೆ ಆ ರಿಪೋರ್ಟನ್ನು ಯಾರೂ ತೆರೆಯುವುದಿಲ್ಲ. ನಾಲ್ಕು ಜನ ಮಕ್ಕಳ ಒಂದು ವರ್ಷ ಹೀಗೆ ಹೋಗುವುದು ನೋಡಿದರೆ ಸಂಕಟವಾಗುತ್ತದೆ.

ಸುರತ್ಕಲ್, ಕೊಣಾಜೆ, ನಿಟ್ಟೆ, ಮಣಿಪಾಲ. ಕಂಪ್ಯೂಟರ್ ಕಲಿಸುವ ಇಷ್ಟು ಜಾಗಗಳು ಬಸ್ಸು ಹತ್ತಿದರೆ ತಲುಪುವಷ್ಟು ದೂರದಲ್ಲಿವೆ, ನಡುವೆ ಇರುವುದೆಲ್ಲ ತುಳು ಮಾತಾಡುವ ಮನೆಗಳು. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಕೋಷ್ಟಕಕ್ಕೆ ಯೂನಿಕೋಡ್ ಎನ್ನುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಬಂದ ಅದರ 16.0 ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ, ಒಟ್ಟು 80 ಸಂಕೇತಗಳು. ಉಡುಪಿಯ ಅಷ್ಟಮಠದ ಯತಿಗಳು ಇವತ್ತಿಗೂ ಸಹಿ ಹಾಕುವ ಲಿಪಿ ಇದು. ಕೋಷ್ಟಕದಲ್ಲಿ ಜಾಗ ಸಿಕ್ಕಿತು, ಇನ್ನು ಫಾಂಟ್, ಕೀಬೋರ್ಡ್, ಹುಡುಕಾಟ, ಓಸಿಆರ್ (ಚಿತ್ರದಲ್ಲಿರುವ ಬರಹವನ್ನು ಕಂಪ್ಯೂಟರ್ ಓದುವುದು) ಎಲ್ಲದರಲ್ಲೂ ಕೈ ಹಾಕಬೇಕಾದ ಕೆಲಸ ಬೇಕಾದಷ್ಟಿದೆ. ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ವಿಷಯ ಈ ಊರಿನ ಮಕ್ಕಳಿಗೆ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಕೆಲಸ ಎಲ್ಲಿ ಕೈಕೊಡುತ್ತದೆ ಎಂದು ಗೊತ್ತಿಲ್ಲದೆ ಇಳಿದರೆ ಎರಡೇ ವಾರಕ್ಕೆ ತಂಡ ಸೋತು, ವಾಪಸ್ ಹಾಜರಿ ಆ್ಯಪಿಗೇ ಹೋಗುತ್ತದೆ.

ಮೊದಲ ಪೆಟ್ಟು ಡೇಟಾಬೇಸಿನಲ್ಲಿ. ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಸಾಕು, ತುಳು ಲಿಪಿಯದಕ್ಕೆ 4 ಬೇಕು, ಏಕೆಂದರೆ ಅದರ ಜಾಗ ಮೊದಲ 65,536 ಸಂಕೇತಗಳ ಆಚೆ ಇದೆ. ಮೈಎಸ್‌ಕ್ಯೂಎಲ್‌ನ ಹಳೇ 'ಯುಟಿಎಫ್8' ಆಯ್ಕೆ 3 ಬೈಟಿಗೇ ನಿಲ್ಲುತ್ತದೆ. ಕನ್ನಡ ಸರಿಯಾಗಿ ಕೂತದ್ದು ನೋಡಿ ಎಲ್ಲವೂ ಸರಿ ಎಂದುಕೊಳ್ಳುತ್ತೀರಿ, ತುಳು ಹಾಕಿದ ಕೂಡಲೇ ಎರರ್. ಟೇಬಲ್ಲನ್ನೂ ಕನೆಕ್ಷನ್ನನ್ನೂ ಎರಡನ್ನೂ 'ಯುಟಿಎಫ್8ಎಂಬಿ4' ಮಾಡಬೇಕು. ಜಾವಾ, ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಕೇಳಿದರೆ ಇಂಥ ಒಂದೊಂದು ಸಂಕೇತವೂ 2 ಎಂದು ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಮೊದಲ 10 ಅಕ್ಷರ ಎಂದು ಕತ್ತರಿಸಿದರೆ ಅಕ್ಷರದ ನಡುವೆಯೇ ಕತ್ತರಿ ಬೀಳಬಹುದು. ಪೈಥಾನ್ 3.13ರೊಳಗಿನ ಯೂನಿಕೋಡ್ ಕೋಷ್ಟಕ 15.1ರದ್ದು. ಅದಕ್ಕೆ ತುಳು ಅಕ್ಷರ 'ಅಕ್ಷರ' ಎಂದೇ ಗೊತ್ತಿಲ್ಲ. ಲ್ಯಾಬ್ ಕಂಪ್ಯೂಟರುಗಳಲ್ಲಿ 3.14 ಹಾಕಿಸಿಕೊಂಡೇ ಶುರುಮಾಡಿ.

ಲಿಪಿಯ ಕೆಲಸ ಕಷ್ಟ ಅನ್ನಿಸಿದರೆ ಕನ್ನಡ ಲಿಪಿಯಲ್ಲಿ ಬರೆದ ತುಳುವನ್ನೇ ಹಿಡಿಯಿರಿ. ತುಳು ವಿಕಿಪೀಡಿಯ 2016ರಿಂದ ಇದೆ, ಅದರ ಪಠ್ಯ ಬಳಸಲು ಮುಕ್ತ. ಇಲ್ಲಿ ಎಲ್ಲರೂ ಮುಗ್ಗರಿಸುವುದು ಪದ ಬಿಡಿಸುವ ಹಂತದಲ್ಲಿ. ಪೈಥಾನಿನ ಸೈಕಿಟ್-ಲರ್ನ್‌ನಲ್ಲಿ ಪದ ಎಣಿಸಿಕೊಡುವ ಕೌಂಟ್ ವೆಕ್ಟರೈಸರಿಗೆ ಏನೂ ಹೇಳದೆ ಬಿಟ್ಟರೆ, ಎರಡೋ ಹೆಚ್ಚೋ ಅಕ್ಷರಗಳು ಒತ್ತೊತ್ತಾಗಿ ಬಂದದ್ದನ್ನು ಮಾತ್ರ ಪದ ಎನ್ನುತ್ತದೆ. ಸ್ವರಚಿಹ್ನೆ, ಸೊನ್ನೆ, ಅರ್ಧಾಕ್ಷರ ತೋರಿಸುವ ಹಲಂತ ಇವು ಅದರ ಲೆಕ್ಕದಲ್ಲಿ ಅಕ್ಷರಗಳೇ ಅಲ್ಲ. 'ಮಂಗಳೂರು' ಕೊಟ್ಟರೆ ಉಳಿಯುವುದು 'ಗಳ', 'ಉಡುಪಿ' ಕೊಟ್ಟರೆ 'ಉಡ'. ಮಾಡೆಲ್ ಓಡುತ್ತದೆ, ಗ್ರಾಫ್ ಬರುತ್ತದೆ, ಒಂದು ಎರರೂ ತೋರಿಸುವುದಿಲ್ಲ, ಒಳಗಿರುವುದು ಮಾತ್ರ ಪದಗಳ ಚೂರು. ಟೋಕನ್ ಪ್ಯಾಟರ್ನ್ ಬದಲಿಸಿ, ಖಾಲಿ ಜಾಗಗಳ ನಡುವಿನದ್ದೆಲ್ಲ ಒಂದು ಪದ ಎಂದು ಹೇಳಿ, ಪೂರ್ಣವಿರಾಮ ಅಲ್ಪವಿರಾಮಗಳನ್ನು ಮೊದಲೇ ತೆಗೆಯಿರಿ. ಆಮೇಲೆ ಪದಪಟ್ಟಿಯ ಮೊದಲ 50 ಪದಗಳನ್ನು ಕಣ್ಣಾರೆ ಓದಿ.

ಇನ್ನೊಂದು ಅಪಾಯ, ಪದದ ಕೊನೆಯ ಹಲಂತ ಚಿಹ್ನೆಯನ್ನು ಕಸ ಎಂದು ಗುಡಿಸಿ ಹಾಕುವುದು. ತುಳುವಿನಲ್ಲಿ 'ಊರ್', 'ಕಣ್ಣ್' ಎಂದು ಬರೆಯುವಾಗ ಆ ಚಿಹ್ನೆ ಕೊನೆಯ ಅರೆ ಉಕಾರಕ್ಕೆ ನಿಂತಿರುತ್ತದೆ. ತೆಗೆದರೆ ಪದವೇ ಹೋಯಿತು. ತುಳುವನ್ನು ಓದಿ ಹೇಳುವ ತಂತ್ರಾಂಶ ಮಾಡುವವರಿಗೆ ಇನ್ನೂ ದೊಡ್ಡ ಸವಾಲು 'ಬತ್ತೆ'. 'ಆಯೆ ಬತ್ತೆ' ಎಂದರೆ ಅವನು ಬಂದ, 'ಯಾನ್ ಬತ್ತೆ' ಎಂದರೆ ನಾನು ಬಂದೆ. ಬಾಯಲ್ಲಿ ಕೊನೆಯ ಸ್ವರ ಬೇರೆ ಬೇರೆ, ಕನ್ನಡ ಲಿಪಿಯಲ್ಲಿ ಸಾಮಾನ್ಯವಾಗಿ ಬರೆಯುವುದು ಒಂದೇ ರೀತಿ. ವಾಕ್ಯದ ಕರ್ತೃ ನೋಡದೆ ಉಚ್ಚಾರ ತೀರ್ಮಾನಿಸಲು ಆಗುವುದಿಲ್ಲ. ಇದೊಂದನ್ನೇ ಚೆನ್ನಾಗಿ ಬಿಡಿಸಿದರೂ ಒಳ್ಳೆಯ ಪ್ರಾಜೆಕ್ಟ್. ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ ಇದು ಬೇರೆಯವರಿಗಿಂತ ಬೇಗ ಹೊಳೆಯುತ್ತದೆ.

ತಾಳೆಗರಿಯ ಓಸಿಆರ್ ಮಾಡುವ ತಂಡಗಳಿಗೆ: ಮಳೆಗಾಲದಲ್ಲಿ ಕಟ್ಟು ಬಿಚ್ಚಿಸಬೇಡಿ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಗರಿ ಯಾರ ವಶದಲ್ಲಿದೆಯೋ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕ್ಯಾಮೆರಾ ನೆಟ್ಟಗೆ ಮೇಲಿರಲಿ, ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಕಂಟ ಎಂಬ ಮೊನಚು ಕಡ್ಡಿಯಿಂದ ಕೊರೆದ ಗೆರೆಯಲ್ಲಿ ಮಸಿ ಮಾಸಿದ್ದರೂ ಆಗ ನೆರಳಿನಿಂದ ಅಕ್ಷರ ಕಾಣುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ದಾರದ ತೂತಿನ ಹತ್ತಿರ ಸಾಲು ಒಡೆದಿರುತ್ತದೆ, ಬಹುಪಾಲು ಗರಿಗಳಲ್ಲಿರುವುದು ಸಂಸ್ಕೃತ. ಹಾಗಾಗಿ ಓದಬಲ್ಲ ಒಬ್ಬರು ಹಿರಿಯರು ಜೊತೆಗಿಲ್ಲದೆ ಲೇಬಲ್ ಹಾಕಲು ಕೂರಬೇಡಿ.

ಆಮೇಲೆ ರಿಪೋರ್ಟಿನಲ್ಲಿ ಬರುವ ಆ 98 ಪರ್ಸೆಂಟ್ ನಿಖರತೆ. ಎಲ್ಲ ಸಾಲುಗಳನ್ನೂ ಕಲಸಿ ಕಲಿಕೆಗೆ 80, ಪರೀಕ್ಷೆಗೆ 20 ಎಂದು ಹಂಚಿದರೆ ಒಂದೇ ಕೈಬರಹ ಎರಡೂ ಕಡೆ ಸೇರಿಕೊಳ್ಳುತ್ತದೆ. ಮಾಡೆಲ್ ಆ ಲಿಪಿಕಾರನ ಕೈಯನ್ನು ಕಲಿತಿರುತ್ತದೆ, ಲಿಪಿಯನ್ನಲ್ಲ. ಪರೀಕ್ಷೆಗೆ ಒಂದಿಡೀ ಕಟ್ಟನ್ನೇ ಬೇರೆ ಇಡಬೇಕು. ಅಂಕಿ ಕೆಳಗಿಳಿಯುತ್ತದೆ, ಇಳಿಯಲಿ. ಗೈಡ್ ಆಗಿರುವ ಸರ್, ಮೇಡಂಗಳು ಆ ಇಳಿದ ಅಂಕಿಗೆ ಮಾರ್ಕ್ಸ್ ಕತ್ತರಿಸಬಾರದು, ಇದು ನನ್ನ ವಿನಂತಿ. ತಪ್ಪು ಎಣಿಸಿದ್ದು ಹೇಗೆ ಎಂದೂ ರಿಪೋರ್ಟಿನಲ್ಲಿ ಬರೆಸಿ. 'ಲಕ್ಷ್ಮಿ' ಕಣ್ಣಿಗೆ ಎರಡು ಅಕ್ಷರ, ಯೂನಿಕೋಡಿನಲ್ಲಿ 7 ಸಂಕೇತ. ಎರಡರಲ್ಲಿ ಯಾವುದನ್ನು ಎಣಿಸಿದಿರಿ ಎಂಬುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ.

ವೈವಾಕ್ಕೆ ಬರುವ ಎಕ್ಸ್‌ಟರ್ನಲ್‌ಗಳೂ ಒಂದು ಸಣ್ಣ ಪರೀಕ್ಷೆ ಮಾಡಬಹುದು. 'ಕೋಲ' ಎಂಬ ಪದದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಮಕ್ಕಳ ಸರ್ಚ್ ಬಾಕ್ಸಿನಲ್ಲಿ ಎರಡನ್ನೂ ಹಾಕಿ ನೋಡಿ. ಎರಡಕ್ಕೂ ಒಂದೇ ಉತ್ತರ ಬಂದರೆ ಎರಡನ್ನೂ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿಯಂಥ ನಾರ್ಮಲೈಸೇಶನ್ ಮಾಡಿದ್ದಾರೆ, ಒಂದಕ್ಕೆ ಬಂದು ಇನ್ನೊಂದಕ್ಕೆ ಬಾರದಿದ್ದರೆ ಅಲ್ಲೇ ಕೂರಿಸಿ ಆ ಒಂದು ಸಾಲು ಕೋಡ್ ಬರೆಸಿ.