ಮೊಂಬಾಸಾದ ಕಾಗೆ

ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಹುಡುಗ ಮಸಾಯಿ ಮಾರಾ ಪ್ರವಾಸ ಮುಗಿಸಿ ಬಂದಾಗಿನಿಂದ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದಿದ್ದೇನೆ. ಮಂಡಿ ನೋಯುತ್ತದೆ, ನೋಯಲಿ. ಲಿಫ್ಟಿನಲ್ಲಿ ಸಿಕ್ಕಿಬಿದ್ದರೆ ಅವನು ಮೊಬೈಲ್ ತೆಗೆದು ಸಿಂಹ ತೋರಿಸುತ್ತಾನೆ. ಸಿಂಹ ಮಲಗಿದ್ದು, ಸಿಂಹ ಆಕಳಿಸಿದ್ದು, ಸಿಂಹ ಇನ್ನೊಂದು ಮಗ್ಗುಲಿಗೆ ಹೊರಳಿದ್ದು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಾನು ಹುಟ್ಟಿ ಬೆಳೆದದ್ದು ಕೀನ್ಯಾದಲ್ಲಿ ಎಂಬುದನ್ನು ಅವನ ತಾಯಿ ಅವನ ಕಿವಿಗೆ ಹಾಕಿಬಿಟ್ಟಿದ್ದಾರೆ. "ಆಂಟಿ, ನಿಮ್ಮ ಕಾಲದಲ್ಲಿ ಸಿಂಹಗಳು ಇನ್ನೂ ಹತ್ತಿರ ಬರುತ್ತಿದ್ದವು, ಅಲ್ಲವೇ?" ಎಂದು ಕೇಳುತ್ತಾನೆ. ನಾನು ಶಾಲೆಗೆ ಹೋಗುವಾಗ ಗೇಟಿನ ಬಳಿ ಸಿಂಹ ನಿಂತು ಟಾಟಾ ಮಾಡುತ್ತಿತ್ತು ಎಂದು ಅವನಿಗೆ ಹೇಳಿಬಿಡುವ ಆಸೆ ನನಗೆ ಬಹಳ ಇದೆ.

ನಾವಿದ್ದದ್ದು ಮೊಂಬಾಸಾದಲ್ಲಿ. ಮೊಂಬಾಸಾ ಒಂದು ದ್ವೀಪ, ಬಂದರು. ಅಲ್ಲಿಂದ ಮಸಾಯಿ ಮಾರಾ ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರಿನಷ್ಟು ದೂರ. ಬೀದರಿನಲ್ಲಿ ಬೆಳೆದವರನ್ನು ಹಿಡಿದು, ದಿನಾ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುತ್ತಿದ್ದಿರಾ ಎಂದು ಯಾರೂ ಕೇಳುವುದಿಲ್ಲ. ಆಫ್ರಿಕಾದ ವಿಷಯದಲ್ಲಿ ಮಾತ್ರ ನಮ್ಮವರಿಗೆ ಭೂಪಟ ಬೇಕಿಲ್ಲ. ಇಡೀ ಖಂಡ ಒಂದೇ ಬಯಲು, ಅದರ ನಡುವೆ ಒಂದು ಮರ, ಮರದ ಕೆಳಗೆ ಸಿಂಹ.

ಭಾರತೀಯರಿಗೂ ಕೀನ್ಯಾದ ಸಿಂಹಗಳಿಗೂ ಪರಿಚಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1898ರಲ್ಲಿ ತ್ಸಾವೊ ನದಿಗೆ ರೈಲು ಸೇತುವೆ ಕಟ್ಟುವಾಗ ಎರಡು ಸಿಂಹಗಳು ನಮ್ಮ ಕೂಲಿಯಾಳುಗಳನ್ನು ಡೇರೆಯಿಂದ ಎಳೆದೊಯ್ದು ತಿಂದವು. ಆ ಎರಡೂ ಈಗ ಹುಲ್ಲು ತುಂಬಿಸಿಕೊಂಡು ಶಿಕಾಗೋದ ವಸ್ತುಸಂಗ್ರಹಾಲಯದಲ್ಲಿ ನಿಂತಿವೆ. ನಾವು ನೈರೋಬಿಗೆ ಹೋಗುತ್ತಿದ್ದುದು ಅದೇ ಹಳಿಯ ಮೇಲೆ. ಆದರೆ ರೈಲು ಸಂಜೆ ಹೊರಟು ಬೆಳಿಗ್ಗೆ ತಲುಪುತ್ತಿತ್ತು. ತ್ಸಾವೊ ಬರುವ ಹೊತ್ತಿಗೆ ಊಟದ ಗಂಟೆ ಬಾರಿಸಿ, ಊಟವೂ ಮುಗಿದು, ನಾವು ಮಕ್ಕಳು ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದೆವು. ಇನ್ನು ಆನೆ. ಮೊಂಬಾಸಾದಲ್ಲಿ ನಾನು ದಿನವೂ ಕಂಡ ಆನೆದಂತ ಅಲ್ಯೂಮಿನಿಯಂನದ್ದು. ನಾವಿದ್ದಾಗ ಕಿಲಿಂದಿನಿ ರಸ್ತೆ ಎನ್ನುತ್ತಿದ್ದ, ಈಗ ಮೋಯಿ ಅವೆನ್ಯೂ ಆಗಿರುವ ರಸ್ತೆಯ ಮೇಲೆ ಆ ದೊಡ್ಡ ದಂತಗಳು ಕಮಾನಿನಂತೆ ಬಾಗಿ ನಿಂತಿವೆ. 1950ರ ದಶಕದಲ್ಲಿ ಬ್ರಿಟಿಷ್ ರಾಜಮನೆತನದವರ ಭೇಟಿಗೆಂದು ನಿಲ್ಲಿಸಿದ್ದು. ಅದರ ಕೆಳಗೆ ಫೋಟೋ ತೆಗೆಸಿಕೊಳ್ಳದ ಭಾರತೀಯ ಕುಟುಂಬ ಆ ಊರಿನಲ್ಲಿ ಇರಲಿಲ್ಲ.

ಮೊಂಬಾಸಾ ಎಂದರೆ ನನಗೆ ಏನು ಎಂಬುದನ್ನು ನಾನು ಒಂದೇ ಮಾತಿನಲ್ಲಿ ಹೇಳಿಬಿಡಬಲ್ಲೆ. ಅದಕ್ಕೆ ಮೊದಲು ಕಾಗೆಯ ವಿಷಯ ಮುಗಿಸಬೇಕು.

ಆ ಊರಿನಲ್ಲಿ ನಾನು ಹತ್ತಿರದಿಂದ ಕಂಡ ವನ್ಯಜೀವಿ ಎಂದರೆ ಕಾಗೆ. ಅದೂ ನಮ್ಮದೇ ಕಾಗೆ: ಬೂದು ಕತ್ತಿನದು, ಮುಂಬೈಯಲ್ಲೂ ಉಡುಪಿಯಲ್ಲೂ ಕಾಣುವಂಥದ್ದು. ಆಫ್ರಿಕಾದ್ದಲ್ಲ. ಕಸ ತಿಂದು ಊರು ಚೊಕ್ಕಟ ಮಾಡಲಿ ಎಂದು 1890ರ ದಶಕದಲ್ಲಿ ಇದನ್ನು ಜಾಂಜಿಬಾರಿಗೆ ತಂದರಂತೆ. ಮೊಂಬಾಸಾದಲ್ಲಿ ಮೊದಲು ಕಂಡದ್ದು 1947ರಲ್ಲಿ. ನಮ್ಮ ಕುಟುಂಬ ಅಲ್ಲಿಗೆ ಕಾಲಿಡುವ ಹೊತ್ತಿಗೆ ಅವು ಮರಿ ಮೊಮ್ಮಕ್ಕಳೊಂದಿಗೆ ಊರು ತುಂಬಿದ್ದವು. ಟ್ಯೂಡರ್ ಕಡೆಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಹಪ್ಪಳ ಒಣಹಾಕಿದರೆ ಹಪ್ಪಳ ಒಯ್ಯುತ್ತಿದ್ದವು, ಬಚ್ಚಲ ಕಿಟಕಿಯಲ್ಲಿ ಸೋಪು ಇಟ್ಟರೆ ಸೋಪು ಒಯ್ಯುತ್ತಿದ್ದವು. ಪಕ್ಕದ ಮನೆಯ ಸ್ವಾಹಿಲಿ ಹೆಂಗಸಿಗೆ ಅವುಗಳನ್ನು ಕಂಡರೆ ಮೈಯೆಲ್ಲಾ ಉರಿ. ನಮ್ಮನ್ನು ಕಂಡರೂ ಸ್ವಲ್ಪ ಹಾಗೆಯೇ ಇತ್ತು ಎಂದು ನನಗೆ ಗುಮಾನಿ. ಕರೆಯದೆ ಬಂದವರು, ಸದ್ದು ಮಾಡುವವರು, ಎಲ್ಲಿ ಹೋದರೂ ಗುಂಪು ಕಟ್ಟುವವರು. ಆಕೆ ಹಾಗೆಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಬಿಸಿ ಬಿಸಿ ಮಂದಾಜಿ ಕರಿದಾಗಲೆಲ್ಲ ನಮಗೂ ಕಳುಹಿಸುತ್ತಿದ್ದಳು.

ಅಪ್ಪನಿಗೆ ಬಂದರಿನ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯನ್ನು ಊರಿನಲ್ಲಿ ಒಬ್ಬಳೇ ಬಿಡುವುದು ಹೇಗೆ ಎಂದು ಕರಂಜಾ ಹಡಗಿನಲ್ಲಿ ಮುಂಬೈಯಿಂದ ಕರೆಸಿಕೊಂಡರು. ಅಜ್ಜಿ ಒಂದು ಟ್ರಂಕಿನಲ್ಲಿ ಸೀರೆಗಳನ್ನೂ ಇನ್ನೊಂದು ಟ್ರಂಕಿನಲ್ಲಿ ಸಂಶಯಗಳನ್ನೂ ತುಂಬಿಕೊಂಡು ಬಂದಳು. ಅವುಗಳಲ್ಲಿ ದೊಡ್ಡ ಸಂಶಯ ಅಜ್ಜನ ಶ್ರಾದ್ಧದ್ದು. "ಅವರು ಜೀವಮಾನದಲ್ಲಿ ಕುಂದಾಪುರ ದಾಟಿದವರಲ್ಲ. ಈಗ ಸಮುದ್ರ ದಾಟಿ ಬರುತ್ತಾರೆಯೇ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಉತ್ತರ ಕೊಡದೆ ಪೇಪರ್ ಓದಿದರು. ಮರುದಿನ ಬೆಳಿಗ್ಗೆ ತಾರಸಿಗೆ ಹೋದ ಅಜ್ಜಿ ನಗುನಗುತ್ತ ಕೆಳಗಿಳಿದಳು. "ಕಾಗೆ ಇದೆ ಮಾರಾಯ! ನಮ್ಮ ಕಾಗೆ!" ಕಾಗೆ ಸಮುದ್ರ ದಾಟಿದ್ದರೆ ಅಜ್ಜನಿಗೇನು ಕಷ್ಟ?

ತಿಥಿಯ ದಿನವನ್ನು ಗೊತ್ತುಮಾಡುವುದೇ ಒಂದು ಯಜ್ಞ. ಪಂಚಾಂಗ ಉಡುಪಿಯದು, ಸೂರ್ಯೋದಯವೂ ಉಡುಪಿಯದು. ನಮ್ಮ ಸೂರ್ಯ ಮೊಂಬಾಸಾದವನು. ಎರಡು ದೇಶಗಳ ಗಡಿಯಾರಗಳ ನಡುವೆ ಎರಡೂವರೆ ಗಂಟೆಯ ಅಂತರ. ಇಲ್ಲಿ ಮುಗಿದ ತಿಥಿ ಅಲ್ಲಿ ಇನ್ನೂ ಇದೆಯೋ, ಅಲ್ಲಿ ಹುಟ್ಟಿದ ತಿಥಿ ಇಲ್ಲಿ ಇನ್ನೂ ಬಂದಿಲ್ಲವೋ ಎಂದು ಅಪ್ಪ ಕಚೇರಿಯ ಲೆಡ್ಜರ್ ಹಾಳೆಯಲ್ಲಿ ಕೂಡಿ ಕಳೆದು ಕೊನೆಗೆ, "ಭಾನುವಾರ ಮಾಡೋಣ" ಎಂದರು. ಅಂದು ರಜೆ ಇತ್ತು ಎಂಬುದು ಕಾಕತಾಳೀಯ ಎಂದು ಅವರ ವಾದ.

ದೇವಸ್ಥಾನದ ಗುಜರಾತಿ ಮಹಾರಾಜರು ತಮ್ಮ ಕ್ರಮದ ಮಂತ್ರ ಹೇಳಿದರು. ಅಡುಗೆ ನಮ್ಮ ಕ್ರಮದ್ದು: ಉದ್ದಿನ ವಡೆ, ಎಳ್ಳುಂಡೆ, ಬಾಳೆಕಾಯಿ ಪಲ್ಯ, ಪಾಯಸ. ಬಾಳೆಎಲೆಗೆ ಆ ಊರಿನಲ್ಲಿ ಬರವಿಲ್ಲ. ದರ್ಭೆ ಮಾತ್ರ ಅಜ್ಜಿಯ ಟ್ರಂಕಿನಿಂದ ಬಂತು. ಕುತಪ ಕಾಲಕ್ಕೆ, ಅಂದರೆ ನಡುಹಗಲಿನ ಹೊತ್ತಿಗೆ, ಎಲ್ಲವೂ ಸಾಂಗವಾಗಿ ನಡೆದು, ತಾರಸಿಯ ಗೋಡೆಯ ಮೇಲೆ ಎಲೆ ಹಾಸಿ, ಪಿಂಡ ಇಟ್ಟು, ಪಕ್ಕದಲ್ಲಿ ಒಂದು ವಡೆಯನ್ನೂ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತರು. ಪ್ರತಿದಿನ ಹಪ್ಪಳಕ್ಕೆ ಮುತ್ತಿಗೆ ಹಾಕುವ ಕಾಗೆಗಳಲ್ಲಿ ಒಂದೂ ಇಲ್ಲ. ಆಕಾಶ ಖಾಲಿ. ಅಜ್ಜಿ "ಕಾ, ಕಾ" ಎಂದು ಕರೆದಳು. ಅಪ್ಪ, ಒದ್ದೆ ಪಂಚೆಯಲ್ಲಿ, ಅದೇ ಕರೆಯನ್ನು ಗಂಡು ದನಿಯಲ್ಲಿ ಕೂಗಿದರು. ನೆತ್ತಿಯ ಮೇಲೆ ಸೂರ್ಯ. ನಾವು ಮಕ್ಕಳಿಗೆ ಬೆಳಗಿನಿಂದ ಒಂದು ಲೋಟ ಹಾಲು ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ, ವಡೆಯ ಪರಿಮಳ ಮಾತ್ರ ಮನೆಯಿಡೀ.

ಆಗ ಒಂದು ಕಾಗೆ ಬಂತು. ನಮ್ಮ ಕಾಗೆಗಿಂತ ದಪ್ಪ, ಎದೆಯೂ ಕತ್ತಿನ ಹಿಂಭಾಗವೂ ಅಚ್ಚ ಬಿಳಿ. ಅದು ಆಫ್ರಿಕಾದ ಮೂಲ ಕಾಗೆ, ಅಲ್ಲಿನ ನಿಜವಾದ ಒಕ್ಕಲು. ಗಂಭೀರವಾಗಿ ಗೋಡೆಯ ಮೇಲೆ ಕುಳಿತು, ಪಿಂಡವನ್ನೂ ನಮ್ಮನ್ನೂ ನೋಡಿತು.

"ಹುಶ್!" ಎಂದು ಅಜ್ಜಿ ಟವೆಲ್ ಬೀಸಿದಳು.

"ಅಮ್ಮ, ಕಾಗೆ ಕಾಗೆಯೇ" ಎಂದರು ಅಪ್ಪ.

"ಇದೆಂಥ ಕಾಗೆ? ನಿನ್ನಪ್ಪ ಎಂದಾದರೂ ಹೀಗಿದ್ದರೇ?"

ಈ ಪ್ರಶ್ನೆಗೆ ಯಾವ ಧರ್ಮಶಾಸ್ತ್ರದಲ್ಲಿ ಉತ್ತರವಿದೆಯೋ ತಿಳಿಯದು. ಬಿಳಿ ಎದೆಯ ಕಾಗೆ ಇನ್ನೆರಡು ಸಲ ಬಂದು, ಎರಡು ಸಲವೂ ಟವೆಲ್ ಕಂಡು ಹಾರಿಹೋಯಿತು. ಮಹಾರಾಜರು ತಮಗೆ ಇನ್ನೊಂದು ಮನೆಗೆ ಹೋಗುವುದಿದೆ ಎಂದು ಗಡಿಯಾರ ನೋಡಿದರು. ಅಷ್ಟರಲ್ಲಿ ನನ್ನ ತಮ್ಮ ಗೋಡೆಗೆ ಹತ್ತಿ ಬಗ್ಗಿ ನೋಡಿ ರಹಸ್ಯವನ್ನು ಪತ್ತೆ ಮಾಡಿದ. ಪಕ್ಕದ ಮನೆಯ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದರು. ಊರಿನ ಬೂದು ಕತ್ತಿನವೆಲ್ಲ ಅಲ್ಲಿ ಸುತ್ತಲೂ ಪಂಕ್ತಿ ಹಿಡಿದು ಕುಳಿತಿದ್ದವು.

ಅಜ್ಜಿಯ ಮುಖವನ್ನು ನಾನು ನೋಡಿದೆ. ಈರುಳ್ಳಿಯನ್ನು ಕೂಡ ಮುಟ್ಟದೆ ಬದುಕಿ ಹೋದ ಮನುಷ್ಯ! ಬರದೆ ಹೋದರೆ ಒಂದು ಸಂಕಟ, ಬಂದು ಪಕ್ಕದ ಮನೆಯಲ್ಲಿ ಕುಳಿತಿದ್ದಾರೆ ಎಂದಾದರೆ ಇನ್ನೊಂದು ಸಂಕಟ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಳಗಿಳಿದುಹೋದಳು. ಅತ್ತೆಯ ಎದುರಿಗೆ ನಗುವಂತಿರಲಿಲ್ಲ. ಕೊನೆಗೂ ಆ ಅಂಗಳದಿಂದ ಒಂದು ಕಾಗೆ ಎದ್ದು ನೇರವಾಗಿ ನಮ್ಮ ತಾರಸಿಗೆ ಬಂತು. ಕೊಕ್ಕಿನಲ್ಲಿ ಮೀನಿನ ಬಾಲ. ಎಲೆಯ ಬಳಿ ಕುಪ್ಪಳಿಸಿ, ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿ, ಎರಡನ್ನೂ ಒಯ್ಯುವುದು ಸಾಧ್ಯವಿಲ್ಲ ಎಂದು ಲೆಕ್ಕ ಹಾಕಿ, ಮೀನಿನ ಬಾಲವನ್ನು ಪಿಂಡದ ಮೇಲೆ ಇಟ್ಟು ವಡೆಯನ್ನು ಕಚ್ಚಿಕೊಂಡು ಹಾರಿತು.

ಯಾರೂ ಉಸಿರೆತ್ತಲಿಲ್ಲ. ಮಹಾರಾಜರು ಆಕಾಶ ನೋಡುತ್ತಿದ್ದರು. ಅಜ್ಜಿ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ವಡೆ ತೆಗೆದುಕೊಂಡರಲ್ಲ, ಸಾಕು. ಎಲೆ ಹಾಕಿ" ಎಂದಳು. ಮೀನಿನ ವಿಷಯ ಮನೆಯಲ್ಲಿ ಆ ಮೇಲೆ ಯಾರೂ ಎತ್ತಕೂಡದು ಎಂಬ ಕಟ್ಟಳೆಯಾಯಿತು. ಅದನ್ನು ಈಗ ಮುರಿಯುತ್ತಿದ್ದೇನೆ. ಆಕ್ಷೇಪಿಸಬೇಕಾದವರು ಯಾರೂ ಉಳಿದಿಲ್ಲ.

ಇಷ್ಟೆಲ್ಲ ನೆನಪಾಗಲು ಇನ್ನೊಂದು ಕಾರಣವೂ ಇದೆ. 2024ರ ಕೊನೆಯೊಳಗೆ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುತ್ತೇವೆ ಎಂದು ಕೀನ್ಯಾ ಸರ್ಕಾರ ಘೋಷಿಸಿತ್ತು. ಬೂದು ಕತ್ತಿನವನ್ನು, ಅಂದರೆ ಅಜ್ಜಿಯ ಕಾಗೆಗಳನ್ನು. ಅವು ಗೀಜಗ, ಸೂರಕ್ಕಿಗಳ ಮೊಟ್ಟೆ ಮರಿಗಳನ್ನು ಬಿಡುವುದಿಲ್ಲ, ಕೋಳಿಮರಿ ಕದಿಯುತ್ತವೆ, ಕಡಲ ತೀರದ ಹೋಟೆಲುಗಳಲ್ಲಿ ಪ್ರವಾಸಿಗಳ ತಟ್ಟೆಗೇ ಬಾಯಿ ಹಾಕುತ್ತವೆ ಎಂಬುದು ದೂರು. ದೂರು ಸುಳ್ಳಲ್ಲ. ಆ ಬಿಳಿ ಎದೆಯ ಮೂಲನಿವಾಸಿಯನ್ನೂ ಇವು ಮೊಂಬಾಸಾದಿಂದ ಬಹುಮಟ್ಟಿಗೆ ಓಡಿಸಿವೆ. ಆ ಕೆಲಸಕ್ಕೆ ನಮ್ಮ ಅಜ್ಜಿಯ ಟವೆಲ್ಲೂ ಕೈಜೋಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಸುದ್ದಿ ಓದಿದಾಗ ಪಿತ್ತ ನೆತ್ತಿಗೇರಿತು. ಕಸ ತಿನ್ನಲಿ ಎಂದು ಕರೆತಂದವರು ನೀವೇ, ಕಸ ತಿಂದು ಬೆಳೆದವು ಎಂದು ವಿಷ ಇಡುವವರೂ ನೀವೇ! ಯಾರನ್ನು ಬೈಯುತ್ತಿದ್ದೇನೆ ಎಂಬುದು ನನಗೂ ಸರಿಯಾಗಿ ಗೊತ್ತಿಲ್ಲ, ತಂದವರು ತೀರಿಹೋಗಿ ಕಾಲವಾಯಿತು. ಇಲ್ಲಿ ಬೆಂಗಳೂರಿನಲ್ಲಿ ಅಪ್ಪನ ತಿಥಿಯ ದಿನ ನಾನೂ ತಮ್ಮನೂ ಟೆರೇಸಿನಲ್ಲಿ ನಿಂತು ಒಂದು ಕಾಗೆಗಾಗಿ ಕತ್ತು ನೋಯಿಸಿಕೊಳ್ಳುತ್ತೇವೆ. ಪಾರಿವಾಳ ಬರುತ್ತದೆ. ಪಾರಿವಾಳವನ್ನು ನಾನೂ ಟವೆಲ್ಲಿನಿಂದ ಓಡಿಸುತ್ತೇನೆ.

ಮೊಂಬಾಸಾದಲ್ಲಿ ಸಂಜೆಗಳೂ ಇದ್ದವು. ಲೈಟ್‌ಹೌಸ್ ಬಳಿ ಕಾರುಗಳೆಲ್ಲ ಸಮುದ್ರಕ್ಕೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಿದ್ದವು. ಹೆಂಗಸರು ಕಾರಿನಿಂದ ಇಳಿಯದೆಯೇ ಪಕ್ಕದ ಕಾರಿನವರೊಂದಿಗೆ ಹರಟುತ್ತಿದ್ದರು. ಮೊಗೊ ಮಾರುವವನು ಇದ್ದಿಲ ಮೇಲೆ ಮರಗೆಣಸನ್ನು ಸುಟ್ಟು, ಉದ್ದಕ್ಕೆ ಸೀಳಿ, ನಿಂಬೆಹೋಳನ್ನು ಉಪ್ಪು ಖಾರದ ಪುಡಿಗೆ ಅದ್ದಿ, ಆ ಸೀಳಿನ ಉದ್ದಕ್ಕೂ ಉಜ್ಜಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ನಾಲಿಗೆ ಉರಿದರೆ ಮಡಾಫು, ಅಂದರೆ ಎಳನೀರು. ಈಗ ನಮ್ಮ ಬೀದಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಮರಗೆಣಸಿನ ಚಿಪ್ಸ್ ಪೊಟ್ಟಣದಲ್ಲಿ ಸಿಗುತ್ತದೆ. ಅರ್ಧ ಪೊಟ್ಟಣ ಗಾಳಿ, ಉಳಿದರ್ಧಕ್ಕೆ ಸಕ್ಕರೆ ಬೆರೆಸಿದ ಮಸಾಲೆ. ಅದನ್ನು ಮಾಡಿದವರ ಮೇಲೆ ಕಾಗೆ ಬಿಡಬೇಕು.

ಒಂದೇ ಮಾತಿನಲ್ಲಿ ಹೇಳುತ್ತೇನೆ ಎಂದಿದ್ದೆ, ಅಲ್ಲವೇ? ಹೇಳುತ್ತೇನೆ. ಆದರೆ ಅಜ್ಜಿಯ ಗಡಿಯಾರದ ಸಂಗತಿ ತಿಳಿಯದಿದ್ದರೆ ಅದು ಅರ್ಥವಾಗುವುದಿಲ್ಲ.

ಸ್ವಾಹಿಲಿ ಜನ ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು, ನಮ್ಮ ಮಧ್ಯಾಹ್ನದ ಹನ್ನೆರಡು ಅವರಿಗೆ ಆರು. ಮೊಂಬಾಸಾ ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅಲ್ಲಿ ಸೂರ್ಯ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೆಲಸಕ್ಕೆ ಹಾಜರಾಗುತ್ತಾನೆ. ಹಾಗಾಗಿ ಲೆಕ್ಕ ತಪ್ಪುವುದಿಲ್ಲ. ಅಪ್ಪನಿಗೆ ಇದು ತಲೆನೋವು: ಕಚೇರಿಯಲ್ಲಿ ಒಂದು ಗಡಿಯಾರ, ಮಾರುಕಟ್ಟೆಯಲ್ಲಿ ಇನ್ನೊಂದು. ಅಜ್ಜಿಗೆ ಮಾತ್ರ ಒಂದು ದಿನದಲ್ಲಿ ಅರ್ಥವಾಯಿತು. ಉದಯಾದಿ ಘಳಿಗೆಯಲ್ಲಿ, ಅಂದರೆ ಸೂರ್ಯೋದಯದಿಂದ ಇಪ್ಪತ್ತನಾಲ್ಕು ನಿಮಿಷಕ್ಕೊಂದರಂತೆ ಎಣಿಸುವ ಘಳಿಗೆಯಲ್ಲಿ, ಬದುಕಿದವಳಿಗೆ ಮಧ್ಯರಾತ್ರಿ ನಿದ್ದೆಯ ನಡುವೆ ದಿನ ಆರಂಭಿಸುವ ಇಂಗ್ಲಿಷರ ಲೆಕ್ಕವೇ ವಿಚಿತ್ರ. ತರಕಾರಿ ತರುವ ಹೆಂಗಸು "ಸಾ ತಾತು" (ಮೂರು ಗಂಟೆ) ಎಂದರೆ ಅಜ್ಜಿ ಮನಸ್ಸಿನಲ್ಲೇ ಏಳೂವರೆ ಘಳಿಗೆ ಎಂದು ಎಣಿಸಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಒಂದು ದಿನವೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡದ್ದಿಲ್ಲ.

ಊರಿಗೆ ಮರಳಿದ ಮೇಲೂ ಅಜ್ಜಿ ಆ ಲೆಕ್ಕ ಬಿಡಲಿಲ್ಲ. ತಮ್ಮನ ಉಪನಯನಕ್ಕೆ ಛತ್ರಕ್ಕೆ ಹೋಗಲು ಟ್ಯಾಕ್ಸಿಯವನಿಗೆ "ಮೂರು ಗಂಟೆಗೆ ಬಾ" ಎಂದು ಹೇಳಿ ಕಳುಹಿಸಿದಳು. ಬೆಳಗಿನ ಒಂಬತ್ತಕ್ಕೆ ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲಿ ಕುಳಿತವಳು ಕಾದು ಕಾದು, ಕೊನೆಗೆ ಯಾರದೋ ಅಂಬಾಸಿಡರಿನಲ್ಲಿ ಆರು ಜನರ ನಡುವೆ ತುರುಕಿಕೊಂಡು ಹೋಗಿ ಮುಹೂರ್ತ ಮುಟ್ಟಿದಳು. ಟ್ಯಾಕ್ಸಿ ಮಧ್ಯಾಹ್ನ ಸರಿಯಾಗಿ ಮೂರಕ್ಕೆ ಬಂತು. ಆಗ ನಾವೆಲ್ಲ ಊಟ ಮುಗಿಸಿ ಮನೆಗೆ ಬಂದಾಗಿತ್ತು. ಅವನು ಬಾಡಿಗೆ ಕೇಳಿದ. "ಹೊತ್ತು ಹುಟ್ಟಿ ಮೂರು ಗಂಟೆ ಎಂದರೆ ತಿಳಿಯದವನಿಗೆ ಎಂಥ ಬಾಡಿಗೆ?" ಎಂದು ಅಜ್ಜಿ ಒಳಗೆ ಹೋದಳು. ಅಪ್ಪ ಹಿತ್ತಲಿನಿಂದ ಸುತ್ತಿ ಬಂದು ಅವನ ಕೈಗೆ ಹತ್ತು ರೂಪಾಯಿ ಇಟ್ಟು, ಅಜ್ಜಿಗೆ ಹೇಳಬೇಡ ಎಂದರು. ಅವನು ಹನ್ನೆರಡು ಕೇಳಿದ.